ಖರೇಕ್ಕ ದಾರ, ಅಂದಾಜಿಗೆ ಬಣ್ಣ

ಕಾಕು ಅವರ ಬಲಗೈ ಕಿರುಬೆರಳು ಸದಾ ನೀಲಿ. ಧೋತರಕ್ಕೆ ಹಾಕುವ ನೀಲಿಪುಡಿಯ ಬಣ್ಣ ಅದು. ಅವರು ಕುಂಚ ಹಿಡಿದವರೇ ಅಲ್ಲ. ನೀಲಿ, ಅರಿಷಿಣ, ಕೆಮ್ಮಣ್ಣು ಏನಿದ್ದರೂ ಬಟ್ಟೆಗೆ ಹತ್ತುತ್ತಿದ್ದುದು ಆ ಬೆರಳಿನಿಂದಲೇ. ಮಜ್ಜಿಗೆಗೆ ಉಪ್ಪು ಸಾಕೇ ಎಂದು ನೋಡುತ್ತಿದ್ದುದೂ ಅದೇ ಬೆರಳಿನಿಂದ.

ಸಂಶಿಯಲ್ಲಿ ಅವರು ನಮ್ಮ ಬಾಜು ಮನೆಯವರು, ಶಾಲೆಯ ಮಾಸ್ತರರ ಹೆಂಡತಿ. ಕಸೂತಿಯಲ್ಲಿ ಊರಿಗೇ ಮೊದಲಿಗರು. ಎಳೆ ಎಣಿಸಿ, ಗಂಟು ಹಾಕದೆ, ಹಿಂದೆ ಮುಂದೆ ಒಂದೇ ಥರ ಕಾಣುವಂತೆ ಹೆಣೆಯುತ್ತಿದ್ದರು.

ನನಗೆ ಎರಡು ವರ್ಷವಿದ್ದಾಗ ತಾಯಿ ತೀರಿಕೊಂಡಳು. ಉಳಿದದ್ದು ಮದುವೆಯ ಒಂದೇ ಫೋಟೋ. ಅದರಲ್ಲೂ ಪುಣ್ಯಾತ್ಗಿತ್ತಿ ತಲೆ ತಗ್ಗಿಸಿದ್ದಾಳೆ, ಬೈತಲೆ ಬಿಟ್ಟರೆ ಏನೂ ಕಾಣುವುದಿಲ್ಲ. ಎಪ್ಪತ್ತರ ದಶಕ ಆಗಷ್ಟೇ ಸುರುವಾಗಿತ್ತು. ಎಂಟು ವರ್ಷದ ನಾನು "ಅವ್ವ ಹೆಂಗಿದ್ದಳು?" ಎಂದು ಕಾಡಿ ಕಾಡಿ ಇಟ್ಟಿದ್ದಕ್ಕೆ ಕಾಕು ಅವಳ ಚಿತ್ರ ಮೂಡಿಸಲೆಂದು ಮಾಸ್ತರರ ಹಳೆಯ ಧೋತರ ಹರಿದು ಹಾಸಿದರು.

"ಖರೇ ಗೊತ್ತಿದ್ದದ್ದಕ್ಕ ದಾರ, ಅಂದಾಜಿಗೆ ಬಣ್ಣ. ತಿಳೀತಿಲ್ಲೋ?"

ತಾಯಿಯ ತಲೆ ನಮ್ಮ ಬಾಗಿಲಿಗೆ ಬಡಿಯುತ್ತಿದ್ದುದು ಖರೆ. ಹಾಗಾಗಿ ಎತ್ತರಕ್ಕೆ ದಾರ ಬಿತ್ತು. ಸೀರೆಯ ಬಣ್ಣ ಯಾರಿಗೂ ನೆನಪಿಲ್ಲ, ಅರಿಷಿಣ ಬಳಿದರು. ಯುಗಾದಿಯ ಮುಂದೆ ಆ ಬಟ್ಟೆ ಒಗೆದಾಗ ಪಜೀತಿಯಾಯಿತು. ಸಬಕಾರ ಹತ್ತಿ ಅರಿಷಿಣವೆಲ್ಲ ಕಡುಗೆಂಪು! ನಾನು ಹೋ ಎಂದು ಅತ್ತೆ. ಕಾಕು ಬಿದ್ದು ಬಿದ್ದು ನಕ್ಕರು.

"ನೋಡ ಇಲ್ಲೆ, ನಿಮ್ಮವ್ವ ಸೀರಿ ಬದಲಿಸ್ಯಾಳ!"

ಗದ್ದಲ ಕೇಳಿ ಅಪ್ಪ ಬಂದರು. ತಾಯಿಯ ಮಾತನ್ನೇ ಎಂದೂ ಎತ್ತದವರು ಬಟ್ಟೆಯನ್ನೇ ನೋಡುತ್ತ ನಿಂತರು. "ಕೆಂಪೇ ಇತ್ತ್ರಿ ವೈನಿ. ಅಗದಿ ಹಿಂಗ" ಎಂದು ಒಳಗೆ ಹೋದರು. ಅವತ್ತೇ ಸೀರೆಗೆ ಕೆಂಪು ದಾರ ಬಂತು.

ಉಳಿದದ್ದು ಮುಖ. ಪ್ರತಿ ವರ್ಷ ಒಗೆಯುವುದು, ಪ್ರತಿ ವರ್ಷ ಓಣಿಯ ಹೆಂಗಸರನ್ನು ಕೇಳಿ ಬಣ್ಣದಲ್ಲಿ ಹೊಸದಾಗಿ ಬರೆಯುವುದು. ಒಂದು ವರ್ಷ ನನ್ನ ತಾಯಿಗೆ ಉದ್ದ ಮೂಗು, ಮರುವರ್ಷ ಮೋಟು ಮೂಗು. ನನಗೆ ರೋಸಿಹೋಯಿತು. ಒಂದನ್ನಾದರೂ ದಾರದಲ್ಲಿ ಹಾಕಿಬಿಡಿ ಎಂದು ಜಗಳಕ್ಕೇ ನಿಂತೆ. ಕಾಕು ಜಗ್ಗಲಿಲ್ಲ.

"ಸುಳ್ಳು ಹೊಲದ್ರ, ಬಿಚ್ಚಿದ ಮ್ಯಾಲೂ ತೂತು ಉಳೀತಾವವಾ."

ನನಗೆ ಹದಿನಾಲ್ಕು ತುಂಬಿದ ವರ್ಷ, ಅಪ್ಪನ ಮೇಲಿನ ಮುನಿಸು ಬಿಟ್ಟು ತಂಬೂರ ಊರಿನ ಸೋದರಮಾವ ಮೊದಲ ಸಲ ಬಂದ. ಊಟ ಕಾಕು ಮನೆಯಲ್ಲಿ. ಮಜ್ಜಿಗೆ ಬಟ್ಟಲು ಎತ್ತಿದವನು ಬಗ್ಗಿ ನೋಡಿ ಕೇಳಿದ: "ಮಜ್ಜಿಗೀನೂ ಒಗದೀರೇನ್ರಿ? ನೀಲಿ ಹಾಕೀರಲ್ಲ!"

ನನಗೆ ನಗು ತಡೆಯಲಾಗಲಿಲ್ಲ. ಮಾವ ಬಟ್ಟಲು ಕೆಳಗಿಟ್ಟು ನನ್ನನ್ನೇ ನೋಡಿದ.

"ಅಕ್ಕ ಹಿಂಗಽ ನಗತಿದ್ದಳು. ನಾಲಗಿ ತುದಿ ಕಚ್ಚಿಕೊಂಡು, ಒಂದು ಕಣ್ಣು ಸಣ್ಣ ಮಾಡಿ."

"ಖರೇನ?" ಕಾಕು ಎದ್ದೇ ನಿಂತಿದ್ದರು.

"ದೇವರಾಣಿ ಖರೇರಿ."

"ದಾರಾ ತಾರವಾ!"

ಇಡೀ ಮಧ್ಯಾಹ್ನ ನಾನು ನಗಬೇಕಾಯಿತು. ನಗು ಬತ್ತಿದಾಗಲೆಲ್ಲ ಕಾಕು ಮಾಸ್ತರರ ಗೊರಕೆಯ ಅಣಕು ಮಾಡಿ ಮತ್ತೆ ನಗಿಸುತ್ತಿದ್ದರು; ಮಾಸ್ತರರು ಪಡಸಾಲೆಯಲ್ಲಿ ಕೂತು ಕೇಳಿಯೂ ಕೇಳದಂತಿದ್ದರು. ಸಂಜೆಯ ಹೊತ್ತಿಗೆ ಎರಡು ತುಟಿ, ನಾಲಿಗೆಯ ಕೆಂಪು ತುದಿ, ಕಿರಿದಾದ ಒಂದು ಕಣ್ಣು ಮೂಡಿದ್ದವು. ಅದಕ್ಕಿಂತ ಹೆಚ್ಚಿಗೆ ಒಂದು ಎಳೆಯನ್ನೂ ಅವರು ಹಾಕಲಿಲ್ಲ. ನನಗೆ ಅಷ್ಟು ಸಾಕಾಗಿತ್ತು. ಆ ರಾತ್ರಿ ಕನ್ನಡಿ ಹಿಡಿದು ನಗುತ್ತ ಕೂತವಳನ್ನು ಅಪ್ಪ ಗದರಲಿಲ್ಲ.

ಕಾಕು ಹೋಗಿ ಬಹಳ ವರ್ಷವಾಯಿತು. ಅವರು ಕೊಟ್ಟದ್ದನ್ನು ತೀರಿಸುವ ದಾರಿ ನನಗೆ ಗೊತ್ತಿಲ್ಲ. ಅವರು ತೀರಿಕೊಂಡ ವರ್ಷ ಒಂದು ಧೋತರ ಹರಿದು, ಬಣ್ಣದ ಬಟ್ಟಲುಗಳನ್ನು ಬದಿಗಿಟ್ಟುಕೊಂಡು, ಅವರ ಚಿತ್ರಕ್ಕೆ ಕುಳಿತೆ. ಮೂಗು, ಗಲ್ಲ, ನಗುವಾಗ ಕುಣಿಯುವ ಹೊಟ್ಟೆ, ಎಲ್ಲಕ್ಕೂ ದಾರವೇ ಹತ್ತಿತು. ಬಟ್ಟಲಿನ ಬಣ್ಣ ಅಲ್ಲೇ ಒಣಗಿತು.