ಗುಂಡಿನ ಹಿಂಬದಿಯ ಚುಕ್ಕೆ

ಒದ್ದೆ ಬಟ್ಟೆಯಿಂದ ಮಗುವಿನ ಕೆನ್ನೆಯ ಚುಕ್ಕೆಯನ್ನು ಒರೆಸಿ ಒರೆಸಿ, ಮಗು ಕಿರುಚಿ ಅತ್ತ ಮೇಲೆ ಅವಳಿಗೆ ಎಚ್ಚರವಾಯಿತು: ಅದು ಕೊಳೆಯಲ್ಲ, ಹುಟ್ಟಿನಿಂದಲೂ ಇರುವ ಮಚ್ಚೆ. ಒಂಬತ್ತು ದಿನದಿಂದ ಹೀಗೆಯೇ. ಗೋಡೆಯಲ್ಲಿ ಚುಕ್ಕೆ, ಹಾಲಿನ ಬಟ್ಟಲಲ್ಲಿ ಚುಕ್ಕೆ, ಕಣ್ಣು ಮುಚ್ಚಿದರೆ ರೆಪ್ಪೆಯ ಒಳಗೂ. ಅವತ್ತು ಲ್ಯಾಬಿನಲ್ಲಿ ನಿಜವಾಗಿ ಕಂಡಿತ್ತೋ, ಕಂಡಂತೆ ಆಗಿತ್ತೋ?

ಲ್ಯಾಬಿನಲ್ಲಿ ಅವಳಿಗೆ ಕಣ್ಣಮ್ಮ ಎಂದೇ ಹೆಸರು. ಸಾಸಿವೆ ಕಾಳಿನಷ್ಟು ಪೊಳ್ಳು ಗುಂಡುಗಳನ್ನು ಮೈಕ್ರೋಸ್ಕೋಪಿನಡಿ ಉಸಿರು ಬಿಗಿಹಿಡಿದು ತಿರುಗಿಸಿ ನೋಡುವುದು ಎಂಟು ವರ್ಷದಿಂದ ಅವಳ ಕೆಲಸ. ಆಮೇಲೆ ಕೂದಲಿಗಿಂತ ಸಪೂರದ ನಳಿಗೆಯಿಂದ ಗುಂಡಿಗೆ ಹೈಡ್ರೋಜನ್ ತುಂಬುತ್ತಾರೆ. ಊಹೆಗೂ ನಿಲುಕದ ಚಳಿಯಲ್ಲಿಟ್ಟು, ಒಳಗೋಡೆಗೆಲ್ಲ ಒಂದೇ ದಪ್ಪದ ಹಿಮದ ಪದರ ಕಟ್ಟಿಸುತ್ತಾರೆ. ಎಲ್ಲೋ ಒಂದು ಗೀರು ಕಂಡರೆ ಕರಗಿಸಿ ಮತ್ತೆ ಮೊದಲಿನಿಂದ. ಕೊನೆಗೆ ಸುತ್ತಲಿಂದ ಲೇಸರ್ ಬಡಿದಾಗ ಗುಂಡು ಹಿಂಡಿಹೋಗಿ, ಒಳಗಿನ ಹೈಡ್ರೋಜನ್ ಬೆಸೆದುಕೊಂಡು, ಎವೆಯಿಕ್ಕುವುದರೊಳಗೆ ಪುಟ್ಟ ಸೂರ್ಯನೊಂದು ಹೊತ್ತಿಕೊಳ್ಳಬೇಕು. ಹೊರಮೈಯಲ್ಲಿ ಒಂದು ಧೂಳಿನ ಕಣ ಉಳಿದರೂ ಸಾಕು, ಹುಟ್ಟುವ ಮೊದಲೇ ಅವನು ಆರಿಹೋದಾನು.

ಅದಕ್ಕೇ ಅಲ್ಲಿನ ಕಟ್ಟಳೆ: ಒಂದು ಗುಂಡಿಗೆ ಎರಡು ಜೋಡಿ ಕಣ್ಣು. ಅವಳು ನೋಡಿದ್ದನ್ನು, ಅವಳಿಗೆ ಕೆಲಸ ಕಲಿಸಿದ ಮೇಷ್ಟ್ರೂ ನೋಡಿ ರುಜು ಹಾಕಬೇಕು. ಅವತ್ತು ಗುಂಡಿನ ಕಡೆಯ ಮಗ್ಗುಲು ತಿರುಗುತ್ತಿದ್ದಾಗಲೇ ಶಿಶುವಿಹಾರದಿಂದ ಸುದ್ದಿ ಬಂತು, ಮಗುವಿಗೆ ಜ್ವರ. ಬೂದು ಬಣ್ಣದ್ದೇನೋ ಸುಳಿದಂತಾಯಿತು. ಅವಳ ಕೈ ಆಗಲೇ ಗವಸು ಕಳಚುತ್ತಿತ್ತು.

"ಶುದ್ಧವಾಗಿದೆಯೇನಮ್ಮಾ?"

"ಇದೆ ಮೇಷ್ಟ್ರೇ. ನೀವೂ ಒಂದ್ಸಲ ನೋಡಿ."

"ನೀನು ನೋಡಿದ್ಮೇಲೆ ನಾನೇನು ನೋಡೋದು! ನನ್ನ ಕಣ್ಣಿಗೆ ಈಗ ಆನೆ ಬಂದ್ರೂ ಇರುವೆ. ಓಡು, ಮಗು ಕಾಯ್ತಿರುತ್ತೆ."

ಅವರು ನೋಡದೆಯೇ ರುಜು ಹಾಕಿದರು. ಅವಳು ಓಡಿದಳು.

ಇವತ್ತು ಅವಳಿಗೆ ರಜೆ. ನಾಲ್ಕು ಗಂಟೆಗೆ ಆ ಗುಂಡಿಗೆ ಲೇಸರ್ ಹೊಡೆಯುತ್ತಾರೆ.

"ಮತ್ತೆ ಶುರುವಾಯ್ತಾ?" ಅತ್ತು ಸುಸ್ತಾದ ಮಗುವನ್ನು ಹೆಗಲಿಗೆ ಹಾಕಿಕೊಳ್ಳುತ್ತ ಗಂಡ ಕೇಳಿದ. "ಇಲ್ಲದ ಹುಳ ತಲೆಗೆ ಬಿಟ್ಕೋತೀಯಲ್ಲ ತಾಯಿ. ಹೇಗೂ ನಾಲ್ಕು ಗಂಟೆಗೆ ಗುಂಡೂ ಇರಲ್ಲ, ಚುಕ್ಕೇನೂ ಇರಲ್ಲ. ಯಾರಿಗೆ ಗೊತ್ತಾಗುತ್ತೆ?"

ಅವನು ಸಮಾಧಾನಕ್ಕೆಂದು ಹೇಳಿದ್ದೇ ಅವಳನ್ನು ಹೆದರಿಸಿತು. ಹೌದು, ಬೂದಿ ಕೂಡ ಉಳಿಯುವುದಿಲ್ಲ. ಸೂರ್ಯ ಹೊತ್ತಿಕೊಳ್ಳದಿದ್ದರೆ ತಪ್ಪನ್ನು ಲೇಸರಿನವರ ತಲೆಗೆ ಕಟ್ಟುತ್ತಾರೆ. ಪಾಪ, ಅವರು ಇಲ್ಲದ ತಪ್ಪನ್ನು ಆರು ತಿಂಗಳು ಹುಡುಕುತ್ತಾರೆ. ಅವಳು ಮಾತ್ರ ನಾಳೆ ಇನ್ನೊಂದು ಗುಂಡು ತಿರುಗಿಸುತ್ತಾಳೆ. ಅದರಲ್ಲೂ ಅದೇ ಚುಕ್ಕೆ ಕಾಣುತ್ತದೆ. ಇದ್ದದ್ದು ಯಾವುದು, ಇಲ್ಲದ್ದು ಯಾವುದು ಎಂದು ಇನ್ನೆಂದೂ ತಿಳಿಯದು. ಬಾಯಿಬಿಟ್ಟರೋ, ಇನ್ನು ಮೂರೇ ವಾರಕ್ಕೆ ನಿವೃತ್ತರಾಗುವ ಮೇಷ್ಟ್ರ ರುಜುವಿಗೂ ಮಸಿ.

ಮೂರೂ ಇಪ್ಪತ್ತು. ಎರಡು ಸಲ ಮೇಷ್ಟ್ರ ನಂಬರು ಒತ್ತಿ ಅಳಿಸಿದಳು. ಮೂರನೆಯ ಸಲ ಅಳಿಸಲಿಲ್ಲ.

"ಏನಮ್ಮಾ, ರಜೆಯಲ್ಲೂ ನಮ್ಮದೇ ಧ್ಯಾನವಾ?" ಮೇಷ್ಟ್ರು ನಕ್ಕರು.

"ಮೇಷ್ಟ್ರೇ, ಇವತ್ತಿನದು ನಿಲ್ಲಿಸಿ. ಗುಂಡಿನ ಹಿಂದೆ ಏನೋ ಕಂಡಿತ್ತು. ಕಂಡೂ ನಾನು ಶುದ್ಧ ಅಂದೆ."

ಆ ಕಡೆ ಮೇಷ್ಟ್ರು ಯಾರಿಗೋ ಕೂಗಿದ್ದು ಕೇಳಿಸಿತು: "ಲೇಸರ್ ನಿಲ್ಲಿಸಿ!"