ಪಿನ್ನಿಲ್ಲದ ಸೆರಗು

ಆ ಬೇಸಿಗೆಯ ಸಂಜೆ ಅಮೆರಿಕದ ಇಸ್ಸಾಕ್ವಾದ ನಮ್ಮ ಮನೆಯಲ್ಲಿ ಮದುವೆಮನೆಯ ಗಡಿಬಿಡಿ. ಊಟದ ಹೊತ್ತು ಕಳೆದರೂ ಗುಡ್ಡದ ಮೇಲೆ ಬೆಳಕಿತ್ತು. ನನ್ನ ಗಂಡನ ತಾಯಿ, ನಮ್ಮತ್ತೆ, ರೇಷ್ಮೆ ಸೀರೆ ಉಟ್ಟು ಲ್ಯಾಪ್‌ಟಾಪ್ ಮುಂದೆ ಕೂತಿದ್ದರು. ಊರಿನಲ್ಲಿ ಆಗ ಬೆಳಿಗ್ಗೆ. ಪಿಂಚಣಿ ಕಚೇರಿಯ ಅಧಿಕಾರಿ ವಿಡಿಯೋ ಕಾಲ್‌ನಲ್ಲಿ ಅವರ ಸಾಕ್ಷಿ ಕೇಳುವವರಿದ್ದರು.

ಸಾಕ್ಷಿ ಬೇಕಾಗಿದ್ದದ್ದು ಅತ್ತೆಯ ಗೆಳತಿಗೆ. ಇಬ್ಬರೂ ಹಳೆಯ ಹುಚ್ಚಾಸ್ಪತ್ರೆಯೊಂದರ ಹೆಂಗಸರ ವಾರ್ಡಿನಲ್ಲಿ ಆಯಾಗಳಾಗಿದ್ದವರು. ಅತ್ತೆಗೆ ಪಿಂಚಣಿ ಬರುತ್ತಿತ್ತು. ಗೆಳತಿಯ ಮೊದಲ ವರ್ಷಗಳ ದಾಖಲೆಯೇ ಸಿಗಲಿಲ್ಲ. ಆಕೆ ಆಗ ಅಡುಗೆಮನೆಯ ದಿನಗೂಲಿಯವಳು, ಆ ವರ್ಷಗಳು ಲೆಕ್ಕಕ್ಕಿಲ್ಲ ಎಂದು ಕಚೇರಿ ಪಟ್ಟು ಹಿಡಿದಿತ್ತು. ಅವು ಸೇರದಿದ್ದರೆ ಪಿಂಚಣಿಯೇ ಇಲ್ಲ. ನನಗಂತೂ ಮೈಯೆಲ್ಲ ಉರಿದುಹೋಗಿತ್ತು. ಜೀವ ತೇಯ್ದು ದುಡಿದವಳಿಗೆ ಹೀಗೆ ಕೈಯೆತ್ತಿಬಿಡುವುದೆಂದರೇನು!

ತೆರೆಯಲ್ಲಿ ಅಧಿಕಾರಿ ಕಾಣಿಸಿದರು, ಪಕ್ಕದಲ್ಲಿ ಗೆಳತಿ.

"ಇವರು ವಾರ್ಡಲ್ಲೇ ಇದ್ರು ಅಂತ ಹೇಗೆ ಹೇಳ್ತೀರಮ್ಮ?" ಎಂದು ಅಧಿಕಾರಿ ಕೇಳಿದರು.

ಅತ್ತೆ ನನ್ನ ಕಡೆ ತಿರುಗಿದರು. ವಾರದಿಂದ ನನ್ನ ತಲೆ ತಿಂದು ಬಾಯಿಪಾಠ ಮಾಡಿದ್ದೆಲ್ಲ ಹಾರಿಹೋಗಿತ್ತು.

"ಹೇಳಿ ಅತ್ತೆ, ಹೇಳಿ," ಎಂದು ಪಿಸುಗುಟ್ಟಿದೆ.

ಅವರು ಗೆಳತಿಯನ್ನೇ ನೋಡುತ್ತ ಎದ್ದು ನಿಂತರು. ನಾನು ಅಷ್ಟು ಮುತುವರ್ಜಿಯಿಂದ ಚುಚ್ಚಿದ್ದ ಸೆರಗಿನ ಪಿನ್ ಕಿತ್ತು ಮೇಜಿನ ಮೇಲಿಟ್ಟರು. ತುರುಬು ಬಿಚ್ಚಿ ಕೂದಲು ಕೊಡವಿದರು. ಎರಡೂ ಅಂಗೈ ಬಿಡಿಸಿ ತೋರಿಸಿದರು.

ಆ ಕಡೆ ಗೆಳತಿಯೂ ಎದ್ದರು! ಯಾರೂ ಹೇಳದೆಯೇ ತುರುಬು ಬಿಚ್ಚಿದರು, ಕೊಡವಿದರು, ಅಂಗೈ ತೋರಿಸಿದರು, ಆಮೇಲೆ ಬೆನ್ನು ತಿರುಗಿಸಿ ನಿಂತರು.

"ಏನಿಲ್ಲ, ಹೋಗು," ಎಂದರು ಅತ್ತೆ.

"ಏನಮ್ಮ ಇದು?" ಅಧಿಕಾರಿ ಕಕ್ಕಾಬಿಕ್ಕಿ.

"ವಾರ್ಡಿಗೆ ಹೋಗೋ ಮುಂಚೆ ಒಬ್ಬರನ್ನೊಬ್ಬರು ಹೀಗೇ ನೋಡ್ತಿದ್ವಿ ಸಾರ್. ಪಿನ್ನು ಗಿನ್ನು ಇದ್ರೆ ಪಾಪ, ಆ ಹೆಂಗಸರು ಕಿತ್ಕೊಂಡು ಚುಚ್ಕೊಂಡ್ಬಿಡೋರು. ಅಡುಗೆಮನೆಯೋರಿಗೆ ಇದೆಲ್ಲ ಗೊತ್ತೇ ಇಲ್ಲ. ಅವರನ್ನ ಒಳಗೇ ಬಿಡ್ತಿರ್ಲಿಲ್ಲ." ಈಗ ಅತ್ತೆಯ ಮಾತು ನಿಲ್ಲುವಂತೆಯೇ ಇರಲಿಲ್ಲ.

ಅಧಿಕಾರಿ ಪೆನ್ ತೆಗೆದರು.

"ನೀವು ಮಾಡಿದ್ದನ್ನ ಹಾಗೇ ಬರ್ಕೋತೀನಿ. ವಾರ್ಡ್ ಸರ್ವೀಸ್ ಅಂತಾನೇ ಸೇರಿಸ್ತೀನಿ, ಪಿಂಚಣಿ ಆಗುತ್ತೆ."

ನಾನು ಕುರ್ಚಿಯಿಂದ ಎಗರಿಯೇಬಿಟ್ಟೆ. ಖುಷಿಗೆ ಕೂಗಿದ್ದು ಪಕ್ಕದ ಮನೆಗೂ ಕೇಳಿಸಿರಬೇಕು.

ಗೆಳತಿ ಕೆದರಿದ ಕೂದಲಲ್ಲೇ ನಿಂತು ಅಳುತ್ತಿದ್ದರು.

"ನಾನು ಅಲ್ಲಿದ್ದೆ ಅಂತ ಆಯ್ತಲ್ಲೇ," ಎಂದರು.

"ಇದ್ದೆ ಕಣೇ," ಎಂದರು ಅತ್ತೆ. "ನನ್ನ ಜೊತೆನೇ ಇದ್ದೆ."