ನಮ್ಮನೆ ಗೋಡೆಯ ಅಮೆರಿಕನ್ ಹಿರಿಯರು

ಅಮೆರಿಕದ ಮುಕಿಲ್ಟಿಯೊ ಎಂಬ ಊರಿನ ಆ ಮರದ ಮನೆಯನ್ನು ನಾವು ಕೊಂಡು ಒಂಬತ್ತು ವರ್ಷವಾಗಿತ್ತು. ಆದರೂ ಬೀದಿಯಲ್ಲಿ ಅದಕ್ಕೆ ನಮ್ಮ ಹೆಸರಿರಲಿಲ್ಲ. ನೂರು ವರ್ಷದ ಹಿಂದೆ ಕಟ್ಟಿಸಿದ ಮನೆತನದ ಹೆಸರು ಬಾಗಿಲ ಪಕ್ಕದ ಹಿತ್ತಾಳೆ ಫಲಕದ ಮೇಲಿತ್ತು. ಪ್ಲಂಬರ್‌ನಿಂದ ಹಿಡಿದು ಪಕ್ಕದ ಮನೆಯಾತನವರೆಗೆ ಎಲ್ಲರ ಬಾಯಲ್ಲೂ ಅದೇ. ಏಣಿ ಹತ್ತಿ ಚಾವಣಿಯ ಎಲೆ ಬಾಚುವವರು ನಾವು, ಹೆಸರು ಅವರದು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಸೇರಿಕೊಂಡಿತು ಅಂತಾರಲ್ಲ, ಬೀದಿಯವರ ಲೆಕ್ಕದಲ್ಲಿ ಆ ಹಾವು ನಾವೇ.

ಮುಂಬಾಗಿಲ ಬಣ್ಣ ಬದಲಿಸಲೂ ಊರಿನ ಹಳೆಮನೆ ಸಮಿತಿಯ ಒಪ್ಪಿಗೆ ಬೇಕು. ನಮ್ಮತ್ತೆ ಗದಗದವರು, ಶುಕ್ರವಾರ ತಪ್ಪದೆ ಹೊಸಿಲಿಗೆ ಅರಿಶಿನ ಹಚ್ಚುತ್ತಾರೆ. ಈ ಹಳದಿ ಬಣ್ಣಕ್ಕೆ ಅರ್ಜಿ ಹಾಕಿದ್ದೀರಾ ಎಂದು ಸಮಿತಿಯವರೊಬ್ಬರು ಬಂದು ಕೇಳಿದ್ದರು. ತೊಳೆದರೆ ಹೋಗುತ್ತದೆ ಎಂದು ಹೇಳಿ ಕಳಿಸಿದೆ. ಹೋಗುವುದಿಲ್ಲ ಎನ್ನುವುದು ನಮಗೆ ಮಾತ್ರ ಗೊತ್ತು.

ಮನೆ ಕೊಂಡ ವರ್ಷವೇ ಅಟ್ಟದಲ್ಲಿ ಆ ಮನೆತನದ ಫೋಟೊ ಸಿಕ್ಕಿದ್ದು ಅತ್ತೆಗೆ. ಮೀಸೆಯ ಯಜಮಾನ, ಪಕ್ಕದಲ್ಲಿ ಹೆಂಡತಿ, ಹಿಂದೆ ಇಬ್ಬರು ಗಂಡುಹುಡುಗರು, ತಾಯಿಯ ತೊಡೆಯ ಮೇಲೆ ಬೋಳುತಲೆಯ ಒಂದು ಕೂಸು. ಇನ್ನೊಬ್ಬರು ಕಟ್ಟಿಸಿದ ಮನೆಯಲ್ಲಿ ಅವರನ್ನು ನೆನೆಯದೆ ಉಣ್ಣುವುದು ಅತ್ತೆಗೆ ಸರಿಬರಲಿಲ್ಲ. ಊಟದ ಕೋಣೆಯಲ್ಲಿ ತೂಗುಹಾಕಿ, ಬೆಂಗಳೂರಿನಿಂದ ತಂದಿದ್ದ ಗಂಧದ ಹಾರ ಹಾಕಿದರು. ಗಾಜಿನ ಮೇಲೆ ಐದೂ ಹಣೆಗೆ ಕುಂಕುಮವಿಟ್ಟರು. ಮಹಾಲಯ ಅಮಾವಾಸ್ಯೆಗೆ ನಮ್ಮ ಹಿರಿಯರಿಗೆ ಎಡೆ ಇಡುವಾಗ ಇವರಿಗೂ ಒಂದು ಎಡೆ. ಹೆಸರಂತೂ ನಮ್ಮದಲ್ಲ, ಈಗ ಹಿರಿಯರೂ ಅವರೇ ಆದರೆ ಹೇಗೆ ಎಂದು ಗಂಡನ ಮುಂದೆ ಗೊಣಗಿದ್ದುಂಟು.

ಹೋದ ಬೇಸಿಗೆಯಲ್ಲಿ ಒಂದು ಕಾಗದ ಬಂತು. ತಾನು ಆ ಮನೆತನದವಳು, ಒಮ್ಮೆ ಮನೆ ನೋಡಬಹುದೇ ಎಂದು ಒಬ್ಬ ಹೆಂಗಸು ಕೇಳಿದ್ದರು. ಮೊಮ್ಮಗಳೋ ಮರಿಮಗಳೋ ಇರಬೇಕು ಅಂದುಕೊಂಡೆವು. ತನ್ನ ಹಿರಿಯರನ್ನು ಹೀಗೆ ಇಟ್ಟುಕೊಂಡಿದ್ದನ್ನು ನೋಡಿ ಆ ಮಗಳಿಗೆ ಎಷ್ಟು ಸಂತೋಷವಾದೀತು ಎಂದು ಅತ್ತೆಗೆ ಹಿಗ್ಗೋ ಹಿಗ್ಗು. ಹಾರದ ಧೂಳು ಒರೆಸಿ, ಹೋಳಿಗೆ ಮಾಡಿ, ಊದಿನಕಡ್ಡಿ ಹಚ್ಚಿ ಕಾದರು.

ಬಂದವರು ತೊಂಬತ್ತು ದಾಟಿದ ಅಜ್ಜಿ, ಊರುಗೋಲು ಹಿಡಿದಿದ್ದರು. ಅತ್ತೆ ಅವರ ಕೈ ಹಿಡಿದು ಅರಿಶಿನದ ಹೊಸಿಲು ದಾಟಿಸಿ, ನೇರ ಫೋಟೊದ ಮುಂದೆ ನಿಲ್ಲಿಸಿದರು. ಅಜ್ಜಿ ತುಂಬ ಹೊತ್ತು ನೋಡಿದರು. ಆಮೇಲೆ ತೊಡೆಯ ಮೇಲಿನ ಕೂಸನ್ನು ತೋರಿಸಿ, ಇದು ನಾನು ಅಂದರು. ಈ ಹಾರ ಯಾಕೆ ಎಂದೂ ಕೇಳಿದರು.

ಇಷ್ಟು ವರ್ಷ ಆ ಮನೆತನವನ್ನು ಮನಸ್ಸಿನಲ್ಲೇ ಬೈದುಕೊಂಡವಳು ನಾನು. ಆದರೆ ಹುಟ್ಟಿದ ಮನೆಯನ್ನು ಕೊನೆಯ ಸಲ ನೋಡಲು ಬಂದ ಜೀವವನ್ನು ನೋಯಿಸಿ ಕಳಿಸುವುದು ನನಗೂ ಬೇಡವಾಗಿತ್ತು. ಅಲಂಕಾರಕ್ಕೆ ಎಂದು ಸುಳ್ಳು ಹೇಳಲು ಬಾಯಿ ತೆರೆದೆ. ಅತ್ತೆ ನನ್ನ ತೋಳು ಹಿಡಿದರು.

"ಜೀವಂತ ಇದ್ದಾಕಿಗೆ ಮಾಲಿ ಹಾಕೀನಿ. ಮ್ಯಾಲೆ ಸುಳ್ಳ ಬ್ಯಾರೆ ಹೇಳಬ್ಯಾಡ," ಎಂದು ನನಗೆ ಹೇಳಿ, ಅಜ್ಜಿಯ ಕಡೆ ತಿರುಗಿ ತಮ್ಮ ಇಂಗ್ಲಿಷ್ ತೆಗೆದರು. "ಸಾರಿ. ವಿ ಥಾಟ್ ಯು ಡೆಡ್. ಎವ್ರಿ ಇಯರ್ ಐ ಗಿವ್ ಯು ಫುಡ್."

ಎಡೆ ಎಂದರೇನೆಂದು ತೊದಲುತ್ತ ವಿವರಿಸಿದೆ. ಅಜ್ಜಿ ಕುರ್ಚಿ ಎಳೆದು ಕೂತು, ನನ್ನ ಅಣ್ಣಂದಿರಿಗೂ ಇಟ್ಟಿರಾ ಎಂದು ಕೇಳಿದರು. ಹೌದು ಅಂದೆ. ಅವರ ಕಣ್ಣು ತುಂಬಿತು. ಅವರಿಬ್ಬರನ್ನು ನೆನೆಯುವವಳು ಈ ಲೋಕದಲ್ಲಿ ತಾನೊಬ್ಬಳೇ ಎಂದು ತಿಳಿದಿದ್ದರಂತೆ. ಮೂಗು ಒರೆಸಿಕೊಂಡು, ಹಾಗಾದರೆ ಒಂಬತ್ತು ವರ್ಷದ ನನ್ನ ಊಟ ಎಲ್ಲಿ ಅಂದರು.

ಎರಡು ಹೋಳಿಗೆ ತಿಂದರು, ಮೂರನೆಯದನ್ನು ಕೈಚೀಲಕ್ಕೆ ಹಾಕಿಕೊಂಡರು. ಅತ್ತೆ ಹಾರ ತೆಗೆಯಲು ಸ್ಟೂಲು ಹತ್ತಿದರೆ ಬೇಡವೆಂದರು. ಉಳಿದ ನಾಲ್ವರದು ಅದು, ತನಗೂ ಇನ್ನು ಸ್ವಲ್ಪ ದಿನಕ್ಕೆ ಬೇಕಾಗುತ್ತದೆ ಎಂದರು. ಅತ್ತೆ ಒಪ್ಪಲಿಲ್ಲ. ಹಾರವನ್ನು ಓರೆ ಮಾಡಿ ಕೂಸನ್ನು ಹೊರಗಿಟ್ಟ ಮೇಲೆಯೇ ಇಳಿದರು.

ಅವರನ್ನು ಗೇಟಿನವರೆಗೆ ಬಿಡಲು ಹೋದೆ. ಬಂದವರು ಯಾರೆಂದು ಆಗಲೇ ತಿಳಿದಿದ್ದ ಪಕ್ಕದ ಮನೆಯಾತ ಬೇಲಿಯಾಚೆಯಿಂದ, ನಿಮ್ಮ ಮನೆ ಹೇಗಿದೆ ಎಂದು ಅಜ್ಜಿಯನ್ನು ಕೇಳಿದ. ಅಜ್ಜಿ ನನ್ನ ಹೆಸರನ್ನು ಇನ್ನೊಮ್ಮೆ ಕೇಳಿಕೊಂಡು, ಆ ಹೆಸರು ಹಿಡಿದೇ ಅವನಿಗೆ ಹೇಳಿದರು: ಇವಳ ಮನೆಗೆ ಊಟಕ್ಕೆ ಬಂದಿದ್ದೆ.

ಹಾವಿಗೆ ಕಣ್ಣೀರು ಬರುತ್ತದೋ ಇಲ್ಲವೋ, ನನಗಂತೂ ಬಂತು.